ಗಡ್ಡೆ ಯಾರ ಕಡೆಯದು

ಮನೆಯಲ್ಲಿ ಯಾರಿಗಾದರೂ ಜಡ್ಡು ಬಂದರೆ ನಗುವಂಥದ್ದೂ ಅದರ ಬೆನ್ನಿಗೇ ಬರುತ್ತದೆ. ಎಲ್ಲರ ಮನೆಯಲ್ಲೂ ಹೀಗೇ. ಯಾರೂ ಹೇಳುವುದಿಲ್ಲ, ಅಷ್ಟೆ.

ಎಪ್ಪತ್ತರ ದಶಕ. ನಾನು ಬೈಲಹೊಂಗಲದಲ್ಲಿ ದನದ ದಲಾಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಮಾತು ಬೇಕಿರಲಿಲ್ಲ. ಹೆಂಡತಿಯ ಎದೆಯಲ್ಲಿ ಗಡ್ಡೆ ಎದ್ದಿತು. ನಿಂಬೆಯಷ್ಟಿದ್ದದ್ದು ಮಳೆಗಾಲ ಮುಗಿಯುವುದರೊಳಗೆ ತೆಂಗಿನಕಾಯಿಯಷ್ಟಾಯಿತು. ಬೆಳಗಾವಿಯಲ್ಲಿ ತೆಗೆಸಿದೆವು. ಅಪರೂಪದ್ದು ಎಂದರು. ಕೆಟ್ಟದ್ದಲ್ಲ ಎಂದರು. ಆಕೆ ಗಟ್ಟಿಯಾದಳು.

ತೊಡಕು ಬೇರೆ ಕಡೆ ಬಂತು. ಮಗಳ ಮದುವೆ ರಾಮದುರ್ಗಕ್ಕೆ ಗೊತ್ತಾಗಿತ್ತು. ಬೀಗರು ಹೇಳಿ ಕಳಿಸಿದರು: "ತಾಯಿಗೆ ಬಂದದ್ದು ಮಗಳಿಗೆ ಬರೂದಿಲ್ಲೇನು? ತಿಳಕೊಂಡು ಹೇಳ್ರಿ. ಅಲ್ಲೀತನಕ ಮದುವಿ ನಿಲ್ಲಲಿ."

ಮಗಳು ಊಟ ಬಿಟ್ಟಳು.

ಕೋಬಿ

ಗಡ್ಡೆ ಹೇಗಿತ್ತು ಎಂದು ಮನೆಯಲ್ಲಿ ಕೇಳಿದರು. ಡಾಕ್ಟರು ಅಂದದ್ದನ್ನೇ ಹೇಳಿದೆ. "ಕೊಯ್ದು ನೋಡಿದ್ರ ಒಳಗ ಕೋಬಿ ಇದ್ದಂಗ. ಎಲಿ ಮ್ಯಾಲೆ ಎಲಿ."

ಮಾತು ಕಿತ್ತೂರಿಗೂ ಮುಟ್ಟಿ, ಅಲ್ಲಿ ತಮ್ಮನ ಹೆಂಡತಿ ಅಂದಿನಿಂದ ಕೋಬಿ, ಅಂದರೆ ಎಲೆಕೋಸಿನ ಪಲ್ಲೆ ಬಿಟ್ಟಳು. ಆಮೇಲೆ ನಮ್ಮ ಓಣಿಯೂ ಬಿಟ್ಟಿತು. ಕಾಯಿಪಲ್ಲೆ ಮಾರುವಾಕೆ ಬುಟ್ಟಿ ಸಮೇತ ನಮ್ಮ ಬಾಗಿಲಿಗೆ ಬಂದಳು.

"ಯಜಮಾನ್ರ, ಏನಂದೀರಿ ನೀವು? ಒಬ್ಬಾಕೀನೂ ಕೋಬಿ ಮುಟ್ಟವಲ್ಲಳು."

"ಡಾಕ್ಟರು ಅಂದದ್ದು."

"ಹಂಗಾರ ಅವರನ್ನ ಒಂದ್ ಮಾತು ಕೇಳಿ ಬರ್ರಿ. ಬದನಿಕಾಯಿ ಇದ್ದಂಗ ಯಾವ ಜಡ್ಡೂ ಇಲ್ಲಲ್ಲ? ನಾಳಿ ಅದನ್ನ ತರಾಕಿ ಅದೇನಿ."

ಒಂದೇ ಗಿಡ

ಬೀಗರ ಪ್ರಶ್ನೆ ಹೊತ್ತು ಮತ್ತೆ ಬೆಳಗಾವಿಗೆ ಹೋದೆ. ಗಂಡನ ಕಡೆಯದೊಂದು, ಹೆಂಡತಿ ಕಡೆಯದೊಂದು ವಂಶದ ಗಿಡ ಬರೆದುಕೊಳ್ಳಬೇಕು ಎಂದು ಡಾಕ್ಟರು ಹಾಳೆ ತೆಗೆದರು.

"ಹೆಂಡತಿ ತಾಯಿ?"

"ನಮ್ಮ ಅಕ್ಕ."

ಅವರು ತಲೆ ಎತ್ತಿದರು. "ಅಕ್ಕನ ಮಗಳನ್ನ ಮಾಡಿಕೊಂಡೀರಿ. ಆಗ್ಲಿ. ಆಕಿ ಸೋದರಮಾವ?"

"ನಾನ."

"ಆಕಿ ತಂದಿ?"

"ನಮ್ಮ ಸೋದರತ್ತಿ ಮಗ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾ ಎರಡು ಗಿಡ ಬರೀಬೇಕಂತ ಕುಂತೇನಿ. ನೀವು ಒಂದ ಗಿಡಾನ ಸುತ್ತಿ ಸುತ್ತಿ ತೋರಸಾಕ ಹತ್ತೀರಿ."

ಆಮೇಲೆ ಸಮಾಧಾನವಾಗಿ ಹೇಳಿದರು. "ಈ ಜಾತಿ ಗಡ್ಡಿ ತಾಯಿಯಿಂದ ಮಗಳಿಗೆ ಬರೂದು ಭಾಳ ಭಾಳ ಕಡಿಮಿ. ಬರೂದ ಇಲ್ಲ ಅಂತ ಬರದು ಕೊಡಾಕ ಆಗೂದಿಲ್ಲ. ಮನ್ಯಾಗಿನ ಹೆಂಗಸರನ್ನ ಕೇಳ್ರಿ. ಇಷ್ಟು ಹೆಣಕೊಂಡ ಮನ್ಯಾಗ ಮತ್ಯಾರಿಗೂ ಇಲ್ಲಂದ್ರ ಧೈರ್ಯಾ ತಗೋರಿ. ಮಗಳನ್ನ ಯಾರಿಗೆ ಕೊಡತೀರಿ?"

"ರಾಮದುರ್ಗದವರಿಗೆ. ಹೊರಗಿನ ಸಂಬಂಧ."

"ಪುಣ್ಯಾ ಕಟ್ಟಿಕೊಂಡ್ರಿ," ಎಂದರು. "ಮುಂದ ಬರೂ ಡಾಕ್ಟರಿಗರ ಎರಡನೇ ಗಿಡ ಸಿಕ್ಕತು."

ಅಕ್ಕನ ಮನೆ

ಅಕ್ಕ ಸಿರಸಂಗಿಯಲ್ಲಿದ್ದಳು. ಅಕ್ಕನೂ ಹೌದು, ಅತ್ತೆಯೂ ಹೌದು. ಬೈಯಲು ಅವಳಿಗೆ ಎರಡು ಹಕ್ಕು.

ಎತ್ತು ನೋಡಿದರೆ ಅದರ ತಾಯಿ ಯಾವುದು, ಅಜ್ಜಿ ಯಾವುದು ಹೇಳುತ್ತಿದ್ದೆ. ಇದನ್ನು ಕೇಳಲು ಬಾಯಿ ಬರಲಿಲ್ಲ. ಚಹಾ ಎರಡು ಸಲ ಆಯಿತು. ಕಡೆಗೆ ಕೇಳಿದೆ. "ನಿಮ್ಮ ಮನ್ಯಾಗ ಹೆಂಗಸರಿಗೆ ಯಾರಿಗರ ಇಂಥಾ ಗಡ್ಡಿ ಆಗಿತ್ತೇನು?"

"ಯಾವ ನಿಮ್ಮ ಮನಿ?" ಎಂದಳು. "ನಾ ಹುಟ್ಟಿದ್ದು ಎಲ್ಲಿ? ನಮ್ಮತ್ತಿ ಹುಟ್ಟಿದ್ದು ಎಲ್ಲಿ? ನಿನ್ನ ಮನ್ಯಾಗ. ಆಕಳ ತಳಿ ಕೇಳಿದಂಗ ಕೇಳಾಕ ಬಂದಾನ."

ಬೈದು ಮುಗಿಸಿ, ಹೆಂಗಸರನ್ನೆಲ್ಲ ಒಳಗೆ ಕರೆದು ಕೇಳಿದಳು. ಯಾರಿಗೂ ಇರಲಿಲ್ಲ. ನನಗೆ ಉಸಿರು ಬಂತು.

ಅಷ್ಟರಲ್ಲಿ ಅಕ್ಕನ ಗಂಡ ಅಂಗಿ ಎತ್ತಿ ಬೆನ್ನ ಮೇಲಿನ ಗಂಟು ತೋರಿಸಿದ. "ಇದನ್ನೂ ಡಾಕ್ಟರಿಗೆ ಹೇಳು."

"ಅದು ಲೆಕ್ಕಕ್ಕಿಲ್ಲ ಮಾವಾ."

ಅವನಿಗೆ ಸಿಟ್ಟು ಬಂತು. "ಈ ಮನ್ಯಾಗ ನಂದು ಯಾವದು ಲೆಕ್ಕಕ್ಕ ಐತಿ," ಎಂದು ಎದ್ದು ಹೊಲಕ್ಕೆ ಹೋದ.

ರಾಮದುರ್ಗ

ಹೆಂಡತಿಯನ್ನು ಕರೆದುಕೊಂಡು ಸವದತ್ತಿಯಲ್ಲಿ ಬಸ್ಸು ಬದಲಿಸಿ ಬೀಗರ ಮನೆಗೆ ಹೋದೆ. ಹುಡುಗನ ಅಪ್ಪ ಹೊರಸಿನ ಮೇಲೆ ಕೂತಿದ್ದ. ಅವನ ತಾಯಿ, ಮುದುಕಿ, ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು. ಡಾಕ್ಟರು ಹೇಳಿದ್ದು, ಅಕ್ಕ ಹೇಳಿದ್ದು, ಎರಡನ್ನೂ ಹೇಳಿದೆ.

ಹುಡುಗನ ಅಪ್ಪ ಮೀಸೆ ಸವರಿದ. "ಭಾಳ ಕಡಿಮಿ ಅಂದ್ರ ಇಲ್ಲಂತ ಅಲ್ಲಲ್ರಿ. ನಮ್ಮದು ಚೊಕ್ಕ ಮನಿತನ. ಏಳು ತಲಿಯಿಂದ ಇಂಥಾದ್ದು ಕೇಳಿಲ್ಲ."

ಹೆಂಡತಿಯ ಕಣ್ಣು ತುಂಬಿತು. ನಾನು ಚಪ್ಪಲಿ ಹುಡುಕತೊಡಗಿದೆ.

ಮುದುಕಿ ಕುಟ್ಟುವುದು ನಿಲ್ಲಿಸಿದಳು. "ಎಷ್ಟು ದೊಡ್ಡದಿತ್ತವಾ?" ಎಂದು ನನ್ನ ಹೆಂಡತಿಯನ್ನು ಕೇಳಿದಳು.

"ಟೆಂಗಿನಕಾಯಷ್ಟು."

"ನಂದು ಪ್ಯಾರಲ ಹಣ್ಣಿನಷ್ಟಿತ್ತು. ಅದಕೂ ಹಿಂಗ ಎಲಿ ಎಲಿ ಅಂದಿದ್ರು."

ಮಗ ಹೊರಸಿನಿಂದ ಕಾಲು ಇಳಿಬಿಟ್ಟ. "ಏನಂದಿ ಯವ್ವಾ?"

"ನೀ ಕೂಸಿದ್ದಿ. ತವರಮನಿಗೆ ಹೋದಾಗ ಮಿರಜಿಗೆ ಹೋಗಿ ತಗಸಿಕೊಂಡು ಬಂದೆ. ನಿಮ್ಮಪ್ಪಗ ಹಲ್ಲು ತಗಸೇನಿ ಅಂತ ಹೇಳಿದೆ."

"ಅಪ್ಪಗ ತಿಳೀಲಿಲ್ಲೇನು?"

"ಯಾವ ಹಲ್ಲಂತ ಸಾಯೂತನಕಾ ನನ್ನ ಬಾಯಾಗ ನೋಡಿಕೋತ ಹ್ವಾದ." ಮುದುಕಿ ಬಾಯಿಗೆ ಅಡಿಕೆ ಹಾಕಿಕೊಂಡಳು. "ಆಮ್ಯಾಲೆ ನಿನ್ನ ತಂಗೀರು ಹುಟ್ಟಿದ್ರು. ಈಗ ಅವರಿಗೂ ಮೊಮ್ಮಕ್ಕಳದಾರ. ಒಬ್ಬಾಕಿಗರ ಬಂದೈತೇನು?"

"ಇಲ್ಲ."

"ಮತ್ತ ಇವರ ಮಗಳಿಗೆ ಯಾಕ ಬರತೈತಿ?"

ಅವನು ಹೊರಸು ಬಿಟ್ಟು ನನ್ನ ಪಕ್ಕಕ್ಕೆ ಬಂದು ಕೂತ. ದನಿ ಇಳಿಸಿದ.

"ಬೀಗರ, ಇದು ಹೊರಗ ಹೋಗಬಾರದ್ರಿ. ಮಂದಿಗೆ ತಿಳದ್ರ ನಮ್ಮ ಹುಡುಗಗ ಹೆಣ್ಣು ಯಾರು ಕೊಡತಾರ?"

"ನಾ ಕೊಡತೇನಿ," ಎಂದೆ.