ಸಬ್ಬಸಿಗೆ ಹುಡುಕಿ ಉಳ್ಳೂರು ಸುತ್ತಿದ್ದು

ನಾನು ಅಜ್ಜಿಯಾದೆ! ಹೆಣ್ಣು ಮಗು, ಮೂಗು ನನ್ನದೇ. “ಇಷ್ಟು ಬೇಗ ಮೂಗು ಯಾರದ್ದು ಅಂತ ಹೇಳಕ್ಕಾಗಲ್ಲ ಅತ್ತೆ” ಎಂದ ಅಳಿಯ. ಅವನಿಗೆ ಆಗುವುದಿಲ್ಲ, ನನಗೆ ಆಗುತ್ತದೆ.

ಅವನಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕೆಲಸ, ಮನೆ ಅಲ್ಲೇ ಉಳ್ಳೂರಿನಲ್ಲಿ. ಬಾಣಂತನಕ್ಕೆಂದು ನಾನೂ ನಮ್ಮ ಯಜಮಾನರೂ ಮಂಡ್ಯದಿಂದ ಬಂದಿದ್ದೆವು. ಮಗಳು ಸುಧಾ ಆಸ್ಪತ್ರೆಯಿಂದ ಬಂದು ಎರಡು ದಿನವಾದರೂ ನನ್ನ ಮೆಣಸಿನ ಸಾರನ್ನು ಎರಡು ತುತ್ತಿಗಿಂತ ಹೆಚ್ಚು ಉಣ್ಣಲಿಲ್ಲ. ತಾಯಿ ಉಣ್ಣದಿದ್ದರೆ ಹಾಲು ಎಲ್ಲಿಂದ ಬಂದೀತು? ಮಗು ಒಂದೇ ಸಮನೆ ಅಳುತ್ತಿತ್ತು. ನಮ್ಮ ಕಡೆ ಇದಕ್ಕೆ ಸಬ್ಬಸಿಗೆ ಸೊಪ್ಪೇ ಮದ್ದು. ಬೆಳಿಗ್ಗೆಯೇ ಚೀಲ ಹಿಡಿದು ಹೊರಟೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಬಸ್ಸಿನ ಬೋರ್ಡಿಗಿಂತ ಕಾಲೇ ವಾಸಿ.

ಈ ಊರಿನಲ್ಲಿ ರಸ್ತೆ ಸುಮ್ಮನೆ ಮಲಗಿರುವುದಿಲ್ಲ, ಒಂದೋ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಹೆಂಗಸರೆಲ್ಲ ಆಗಲೇ ಮಿಂದು ಒದ್ದೆ ಕೂದಲಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಚಹಾ ಅಂಗಡಿಯಲ್ಲಿ ಒಂದೇ ಪೇಪರನ್ನು ನಾಲ್ವರು ಹಂಚಿಕೊಂಡು ಓದಿ ಜಗಳವಾಡುತ್ತಿದ್ದರು. ದಾರಿ ತಪ್ಪಬಾರದೆಂದು ಕೆಂಪು ಬಾವುಟದ ಕಂಬ ಕಂಡಲ್ಲಿ ಎಡಕ್ಕೆ ತಿರುಗಿದ್ದನ್ನು ಗುರುತಿಟ್ಟುಕೊಂಡೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ನಾಲ್ಕು ಅಂಗಡಿ ಕೇಳಿದರೂ ಸಬ್ಬಸಿಗೆಯನ್ನು ಕಂಡವರೇ ಇಲ್ಲ. ಮಲಯಾಳ ಬಾರದ ನಾನು ಐದನೆಯದರಲ್ಲಿದ್ದ ಹೆಂಗಸಿಗೆ ಕೈಸನ್ನೆಯಲ್ಲೇ ತೊಟ್ಟಿಲು ತೂಗಿ, ಎದೆ ಮುಟ್ಟಿ, ತಲೆಯಾಡಿಸಿ ಕಷ್ಟ ತೋಡಿಕೊಂಡೆ. “ಅಯ್ಯೋ, ಅಮ್ಮೇ!” ಎಂದವಳೇ ಒಂದು ಹೊರೆ ನುಗ್ಗೆಸೊಪ್ಪು ಚೀಲಕ್ಕೆ ತುರುಕಿದಳು. ನುಗ್ಗೆ ಉಷ್ಣ, ಬಾಣಂತಿಗೆ ಕೊಡಬಾರದು ಎಂದು ಊರಿನಲ್ಲಿ ಎಷ್ಟು ಜನರನ್ನು ಗದರಿದ್ದೇನೋ! ಆದರೆ ಅದನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆ?

ವಾಪಸು ಹೊರಟರೆ ತಿರುವಿಗೊಂದು ಕೆಂಪು ಬಾವುಟ! ಎಲ್ಲದರಲ್ಲೂ ನಿಷ್ಠೆಯಿಂದ ತಿರುಗಿ ಅವಳ ಅಂಗಡಿಗೇ ಬಂದೆ. ಇನ್ನೊಮ್ಮೆ ಹೊರಟು ಇನ್ನೊಮ್ಮೆ ಬಂದೆ. ಮೂರನೇ ಸಲ ಅವಳು ಹೊಟ್ಟೆ ಹಿಡಿದು ನಗುತ್ತಾ ನನ್ನ ಪರ್ಸು ತೆಗೆಸಿ ನೋಡಿದಳು. ಅಳಿಯ ಮಲಯಾಳದಲ್ಲಿ ವಿಳಾಸ ಬರೆಸಿಟ್ಟ ಚೀಟಿ ಅದರಲ್ಲೇ ಇತ್ತು! ಅದನ್ನು ಓದಲು ಬಾರದವಳಿಗೆ ಚೀಟಿಯ ನೆನಪೆಲ್ಲಿ? ಅವಳು ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ, ನನ್ನ ಕೈ ಹಿಡಿದು ಮನೆ ಬಾಗಿಲ ತನಕ ಬಿಟ್ಟಳು. ಒಳಗೆ ಬಂದು ಮಗು ನೋಡಿ, ಸೊಪ್ಪಿಗೆ ತೆಂಗಿನಕಾಯಿ ಎಷ್ಟು ಹಾಕಬೇಕೆಂದು ಸನ್ನೆಯಲ್ಲೇ ಹೇಳಿಹೋದಳು.

ಬೇರೆ ದಾರಿಯಿಲ್ಲದೆ ಹೆದರುತ್ತಲೇ ನುಗ್ಗೆಸೊಪ್ಪಿನ ಪಲ್ಯ ಮಾಡಿದೆ. ಸಂಜೆ ಬಾಣಂತಿ ಕೋಣೆಯ ಬಾಗಿಲಲ್ಲೇ ಎಲ್ಲರೂ ತಟ್ಟೆ ಹಿಡಿದು ಕೂತೆವು. ಸುಧಾ ಎರಡು ಸಲ ಹಾಕಿಸಿಕೊಂಡಳು, ಯಜಮಾನರು ಮೂರು ಸಲ. ಮಗು ಹಾಲು ಕುಡಿದು ನಿದ್ದೆ ಹೋಗಿತ್ತು.

“ನುಗ್ಗೆ ಉಷ್ಣ ಅಂತ ನೀನೇ ಹೇಳ್ತಿದ್ದೆಯಲ್ಲಮ್ಮ?” ಎಂದಳು ಸುಧಾ.

“ಅದು ಮಂಡ್ಯದ ನುಗ್ಗೆ ಕಣೇ,” ಎಂದು ನಾನೂ ಇನ್ನೊಂದು ಸೌಟು ಹಾಕಿಕೊಂಡೆ.