ಮಾವ ಉಸಿರಾಡಲು ಕಲಿತದ್ದು

ನನ್ನ ಸೋದರಮಾವನಿಗೆ ಅರವತ್ತೆಂಟು ತುಂಬುವವರೆಗೂ ಉಸಿರಾಡಲು ಬರುತ್ತಿರಲಿಲ್ಲ. ನಗಬೇಡಿ! ಇದು ನನ್ನ ಮಾತಲ್ಲ, ಶಹಾಪುರದ ಆಸ್ಪತ್ರೆಯೊಂದರ ನರ್ಸಮ್ಮನ ಮಾತು.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಸುರಪುರ, ಶಹಾಪುರ, ಯಾದಗಿರಿ ಎಂದು ಮೂವತ್ತು ವರ್ಷ ಸೀಟಿ ಊದಿ ನಿವೃತ್ತರಾದರು. ನೌಕರಿ ಹೋಯಿತು, ಸಿಟ್ಟು ಉಳಿಯಿತು. ಚಹಾ ಆರಿದ್ದರೆ ಸಿಟ್ಟು, ಬಿಸಿಯಿದ್ದರೂ ಸಿಟ್ಟು. ಪಕ್ಕದ ಮನೆಯ ಕೋಳಿ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಅದರ ಯಜಮಾನನಿಗೆ ವಿಚಾರಣೆ! ಅದಕ್ಕೇ, ಆ ಆಸ್ಪತ್ರೆಯಲ್ಲಿ ಹಿರಿಯರಿಗಾಗಿ ಮನಸ್ಸು ತಣ್ಣಗಾಗಿಸುವ ಉಸಿರಾಟದ ತರಬೇತಿ ನಡೆಯುತ್ತಿದೆಯೆಂದು ಕೇಳಿ ನಾನೇ ಅವರನ್ನು ಕರೆದುಕೊಂಡು ಹೋದೆ.

ನರ್ಸಮ್ಮ ಮಾವನ ಕಿವಿಗೊಂದು ಕ್ಲಿಪ್ಪು ಸಿಕ್ಕಿಸಿದರು. ಎದೆಬಡಿತದ ವೇಗ ಎದುರಿನ ಪರದೆಯ ಮೇಲೆ ಗೆರೆಯಾಗಿ ಮೂಡಿತು. ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು.

"ನೋಡ್ರಿ, ಗಡಿಯಾರ ಬಡದಂಗ ಬಡ್ಯಾಕತ್ತದ! ಹಿಂದಿಲ್ಲ, ಮುಂದಿಲ್ಲ" ಎಂದು ಮಾವ ಬೀಗಿದರು.

"ಅದೇ ತ್ರಾಸ್ ನೋಡ್ರಿ ಅಜ್ಜಾರ. ಉಸಿರು ಒಳಗ ತಗೊಂಡಾಗ ಎದಿ ಜರಾ ಜಲ್ದಿ ಬಡೀಬೇಕು, ಬಿಟ್ಟಾಗ ಜರಾ ನಿಧಾನ. ನಿಮಗ ಉಸಿರಾಡಾಕೇ ಬರಂಗಿಲ್ಲ."

"ಮೂವತ್ತು ವರ್ಸ ಗಾಡಿ ಲೇಟ್ ಮಾಡಿಲ್ಲ ನಾ. ಈಗ ಎದಿ ಲೇಟ್ ಮಾಡು ಅಂತೀರೇನು?"

ಪರದೆಯ ಚುಕ್ಕೆ ಏರುವಾಗ ಐದು ಎಣಿಸುತ್ತ ಉಸಿರು ಎಳೆದುಕೊಳ್ಳಬೇಕು, ಇಳಿಯುವಾಗ ಐದು ಎಣಿಸುತ್ತ ಬಿಡಬೇಕು. ಗೆರೆ ಅಲೆಯಂತೆ ಸರಾಗವಾದರೆ ಹಸಿರು ದೀಪ, ಇಲ್ಲವಾದರೆ ಕೆಂಪು. ಮೊದಲ ವಾರವೆಲ್ಲ ಮಾವನಿಗೆ ಕೆಂಪೇ. ಪಕ್ಕದ ಕುರ್ಚಿಯಲ್ಲಿದ್ದ ದೋರನಹಳ್ಳಿಯ ಮುದುಕಿಗೆ ಮೊದಲ ದಿನವೇ ಹಸಿರು!

"ಏನ್ ಮಾಡ್ತೀ ಯಮ್ಮಾ ನೀ?" ಎಂದು ಮಾವ ತನಿಖೆಗಿಳಿದರು.

"ಏನ್ ಮಾಡ್ಲಿ ಯಪ್ಪಾ, ಸುಮ್ಮ ಕುಂತೀನಿ."

ಆ ಉತ್ತರಕ್ಕೆ ಮಾವನ ದೀಪ ಇನ್ನಷ್ಟು ಕೆಂಪಾಯಿತು.

ಮಾವ ಹಟಕ್ಕೆ ಬಿದ್ದರು. ಮುಂಜಾನೆ, ಸಂಜೆ ಬಿಡದೆ ಕೂತು, ತಿಂಗಳೊಪ್ಪತ್ತಿನಲ್ಲಿ ಹಸಿರು ಕಂಡರು. ಒಂದು ದಿನ ಆಟೋದವನೊಡನೆ ಜಗಳ ತಾರಕಕ್ಕೇರಿದಾಗ ಪಾಠ ನೆನಪಾಗಿ, ಅರ್ಧ ಬೈಗುಳಕ್ಕೇ ನಿಲ್ಲಿಸಿ, ಕಣ್ಣು ಮುಚ್ಚಿ ಉಸಿರು ಎಳೆದರು. ಆಟೋದವನು ಬೆದರಿಬಿಟ್ಟ. "ಮುದುಕಗ ಏನೋ ಆಗ್ಯಾದ್ರೋ! ನೀರ್ ತರ್ರಿ!" ಜನ ಸೇರಿತು. ಯಾರೋ ತಲೆಗೆ ಒಂದು ಕೊಡ ನೀರು ಸುರಿದೇಬಿಟ್ಟರು. ಮಾವ ಐದೂ ಎಣಿಕೆ ಮುಗಿಸಿ, ಕಣ್ಣು ತೆರೆದು, ಉಳಿದರ್ಧ ಬೈಗುಳ ಪೂರೈಸಿದರು. ಆದರೆ ದನಿ ಬಹಳ ಮೆತ್ತಗಿತ್ತಂತೆ!

ಅತ್ತೆಗೆ ಮಾತ್ರ ಈ ವಿದ್ಯೆ ಹಿಡಿಸಲಿಲ್ಲ. "ನಿಮ್ಮಂಗ ಕಣ್ಣು ಮುಚ್ಚಿ ಕುಂತ್ರ ರೊಟ್ಟಿ ಯಾರು ಬಡೀಬೇಕು?" ಎನ್ನುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆಂದು ಎರಡು ಸಲ ಯಾದಗಿರಿಗೆ ಹೋಗಿ, ಹೆದರಿಕೆಗೆ ಬಿ.ಪಿ. ಏರಿ, ಎರಡು ಸಲವೂ ಹಾಗೇ ವಾಪಸು ಬಂದಿದ್ದರು.

ಹೋದ ತಿಂಗಳು ಮೂರನೇ ಸಲ ಹೊರಟಾಗ ನಾನೂ ಜೊತೆಗಿದ್ದೆ. ಮತ್ತೆ ಅದೇ ಕಥೆ. "ಅರ್ಧ ತಾಸು ನೋಡೋಣ. ಇಳೀಲಿಲ್ಲಂದ್ರ ಇವತ್ತೂ ಬ್ಯಾಡ" ಎಂದು ಡಾಕ್ಟರು ಹೋದರು.

ಅತ್ತೆ ಅಳತೊಡಗಿದರು. "ಮನೀಗಿ ನಡ್ರಿ. ನಂಗ ಕಣ್ಣೇ ಬ್ಯಾಡ."

ಈಗ ಮಾವ ಸಿಡಿಯುತ್ತಾರೆಂದು ನಾನು ಅಂಜಿ ಕೂತಿದ್ದೆ. ಅವರು ಅತ್ತೆಯ ಅಂಗೈಯನ್ನು ತೆಗೆದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಅಷ್ಟು ಜನರ ಎದುರಿಗೆ!

"ಎಣಸಬ್ಯಾಡ. ನಾ ಉಸಿರು ತಗೊಂಡಾಗ ತಗೋ, ನಾ ಬಿಟ್ಟಾಗ ಬಿಡು."

ಇಬ್ಬರೂ ಹಾಗೇ ಕುಳಿತರು. ಅತ್ತೆಯ ಬಿಗಿದ ಭುಜ ಮೆಲ್ಲಗೆ ಇಳಿಯಿತು, ಬಿಕ್ಕಳಿಕೆ ನಿಂತಿತು. ಅರ್ಧ ತಾಸಿನ ಮೇಲೆ ಡಾಕ್ಟರು ಮತ್ತೆ ಬಿ.ಪಿ. ನೋಡಿ, "ಬರ್ರಿ ಅಮ್ಮಾರ" ಎಂದು ಒಳಗೆ ಕರೆದೊಯ್ದರು.

ಬಾಗಿಲು ಮುಚ್ಚಿತು. ಮಾವ ನಿಂತೇ ಇದ್ದರು. ಕೂರಿಸೋಣವೆಂದು ಅವರ ಕೈ ಹಿಡಿದೆ. ಕೈ ತಣ್ಣಗೆ ಕೊರೆಯುತ್ತಿತ್ತು, ಉಸಿರು ಯಾವ ಎಣಿಕೆಗೂ ಸಿಗದೆ ಓಡುತ್ತಿತ್ತು.

"ಅಕಿ ಮುಂದ ಹೇಳಬ್ಯಾಡವ್ವಾ" ಎಂದರು.