ಮೂರಕ್ಕೆ ನಾಲ್ಕು ಕೂಡಿದರೆ ಐದು

ಬಾಣ ಎಳೆದು ಕೂಡಿಸುವ ಸದಿಶಗಳ, ಅಂದರೆ ವೆಕ್ಟರುಗಳ, ಪಾಠ ಮಕ್ಕಳಿಗೆ ಅರ್ಥವಾಗಿಬಿಡುತ್ತದೆ. ಪೇಚಾಟ ಶುರುವಾಗುವುದು ದೊಡ್ಡವರಿಂದ. ತೊಂಬತ್ತರ ದಶಕದಲ್ಲಿ ತಿಪಟೂರಿನ ಕಡೆ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಕೆಲಸ ಖಾಯಂ ಆಗಿರಲಿಲ್ಲ. ಖಾಯಂ ಮಾಡಬೇಕಾದವರು ಆಡಳಿತ ಮಂಡಳಿಯ ಕಾರ್ಯದರ್ಶಿಗಳು. ಅವರ ವಿದ್ಯಾರ್ಹತೆ ತೆಂಗಿನ ತೋಟ.

ಎರಡು ಮೈಲಿ ಎಲ್ಲಿ?

ಒಂದು ದಿನ ಅವರು ಹಿಂದಿನ ಬೆಂಚಿಗೆ ಬಂದು ಕುಳಿತರು. ಪೂರ್ವಕ್ಕೆ ಮೂರು ಮೈಲಿ, ಅಲ್ಲಿಂದ ಉತ್ತರಕ್ಕೆ ನಾಲ್ಕು ಮೈಲಿ ನಡೆದವನು ಹೊರಟ ಜಾಗದಿಂದ ಐದೇ ಮೈಲಿ ದೂರದಲ್ಲಿರುತ್ತಾನೆ ಎಂದು ಬೋರ್ಡಿನ ಮೇಲೆ ತೋರಿಸಿದೆ. ಹೊರಗೆ ಕರೆದರು.

"ಮೂರು ನಾಲ್ಕು ಏಳು ಕಣ್ರೀ. ಇನ್ನೆರಡು ಮೈಲಿ ಎಲ್ಲೋಯ್ತು?"

"ನೇರ ದೂರ ಐದೇ ಸಾರ್."

"ನಡೆದೋನ ಕಾಲು ಕೇಳ್ರೀ. ಹಿಂಗೆ ಲೆಕ್ಕ ತಪ್ಪೋರನ್ನ ಖಾಯಂ ಮಾಡೋದು ಹೆಂಗೆ?"

ಜಗುಲಿ ಇಳಿಯಲೂ ಎರಡು ಸಲ ಯೋಚಿಸುವ ಮನುಷ್ಯ ಕಾಲಿನ ಮಾತಾಡಿದ!

ದೊಡ್ಡ ಕೋನಮಾಪಕ

ಹಿಂದಿನ ಬೆಂಚಿಗೂ ಕಾಣಲಿ ಎಂದು ಮರದ ದೊಡ್ಡ ಕೋನಮಾಪಕ ಕೇಳಿದೆ. ತರಿಸಿದರು. ಮಕ್ಕಳ ಪುಟ್ಟ ಕೋನಮಾಪಕವನ್ನು ಪಕ್ಕದಲ್ಲಿಟ್ಟು ನೋಡಿ ಕೆಂಡವಾದರು.

"ಇದ್ರಲ್ಲೂ ನೂರೆಂಬತ್ತು, ಅದ್ರಲ್ಲೂ ನೂರೆಂಬತ್ತು! ಇಷ್ಟು ದೊಡ್ಡದಿದ್ದೂ ಒಂದು ಡಿಗ್ರೀನೂ ಜಾಸ್ತಿ ಇಲ್ವಲ್ರೀ. ಅಂಗಡಿಯೋನು ಟೋಪಿ ಹಾಕವ್ನೆ."

ವಾಪಸು ಕೊಟ್ಟೇ ಬಿಟ್ಟರು. ಅದರ ಬದಲಿಗೆ ಕಾಲೇಜಿಗೆ ಪೊರಕೆಗಳು ಬಂದವು.

ಯಾರೂ ಎಳೆಯದ ದಿಕ್ಕು

ಕಾರ್ಯದರ್ಶಿಗಳ ತೋಟಕ್ಕೂ ಅವರ ತಮ್ಮನ ತೋಟಕ್ಕೂ ನಡುವೆ ಗಾಡಿದಾರಿ. ಅದರ ತುದಿಯಲ್ಲಿ ಒಣಗಿದ ತೆಂಗಿನ ಮರ. ಕಡಿದಾಗ ಯಾರ ತೋಟಕ್ಕೆ ಬೀಳುತ್ತದೋ ಮರ ಅವರಿಗೆ ಎಂದು ಮಾತಾಗಿತ್ತು. ಇಬ್ಬರೂ ಮರದ ತಲೆಗೆ ಹಗ್ಗ ಬಿಗಿಸಿ, ತಮ್ಮ ತಮ್ಮ ತೋಟದಲ್ಲಿ ಮರದಿಂದ ಮುಂದಕ್ಕೆ ಓರೆಯಾಗಿ ಆಳುಗಳನ್ನು ನಿಲ್ಲಿಸಿದರು. ಒಬ್ಬನ ಕಡೆ ಒಂದಾಳು ಹೆಚ್ಚಾದರೂ ಇನ್ನೊಬ್ಬ ಬಿಡುತ್ತಾನೆಯೇ? ಎರಡೂ ಕಡೆ ಸಮಸಮ. ನಡುದಾರಿಯಲ್ಲಿ ಕಾರ್ಯದರ್ಶಿಗಳ ಹೊಸ ಜೀಪು.

ನನ್ನ ಕೆಲಸದ ವಿಚಾರ ಕೇಳಲು ಹೋದವನು ಸುಮ್ಮನಿರಲಾರದೆ ಹೇಳಿದೆ: "ಸಾರ್, ಜೀಪು ತೆಗೆಸಿ. ಇಬ್ಬರೂ ಸಮನಾಗಿ ಎಳೆದರೆ ಮರ ದಾರಿಗೇ ಬೀಳುತ್ತೆ."

"ದಾರಿ ಕಡೆಗೆ ಯಾರಾದ್ರೂ ಎಳೀತಾವ್ರಾ?"

"ಇಲ್ಲ."

"ಯಾರೂ ಎಳೀದಿರೋ ಕಡೆ ಬೀಳಕ್ಕೆ ಮರಕ್ಕೇನು ಹುಚ್ಚಾ? ಸುಮ್ನಿರ್ರೀ."

ಬುಡಕ್ಕೆ ಕೊಡಲಿ ಬಿತ್ತು. ಎಳೆದರು. ಮರ ಯಾರಿಗೂ ಪಕ್ಷಪಾತ ಮಾಡದೆ ಜೀಪಿನ ಮೇಲೆ ಮಲಗಿತು. ಇನ್ನಾದರೂ ಪಾಠ ತಲೆಗಿಳಿಯಿತು, ಖಾಯಂ ಆದೇಶ ಬಂದಂತೆಯೇ ಎಂದು ನನಗೆ ಒಳಗೊಳಗೇ ಖುಷಿ.

ಕಾರ್ಯದರ್ಶಿಗಳು ಜೀಪು ನೋಡಿದರು, ನನ್ನನ್ನು ನೋಡಿದರು, ತಮ್ಮನ ಕಡೆ ತಿರುಗಿದರು.

"ನಾನೂ ಆ ಕಡೆ ಎಳೀಲಿಲ್ಲ, ನೀನೂ ಎಳೀಲಿಲ್ಲ. ಅಲ್ಲಿ ಬೀಳುತ್ತೆ ಅಂದೋರು ಈ ಮೇಷ್ಟ್ರೊಬ್ರೇ ಕಣ್ಲಾ. ಇಂಥ ಕರಿನಾಲಿಗೆಯೋರನ್ನ ಖಾಯಂ ಮಾಡಿ ಕಾಲೇಜ್ನೂ ಬೀಳಿಸ್ಕೊಳ್ಲಾ?"

ಹುಟ್ಟಿದಾಗಿನಿಂದ ಅಣ್ಣನ ಒಂದು ಮಾತನ್ನೂ ಒಪ್ಪದ ತಮ್ಮ ಹೇಳಿದ: "ಹೂಂ ಕಣಣ್ಣ. ಬ್ಯಾಡ ಬುಡು."